ಎಲ್ಲರಿಗೂ ಒಗ್ಗುವ ದಿನ

ಜನವರಿ ೬

ಪ್ರೀತಿಯ ಅಕ್ಕನಿಗೆ,

ನಿನ್ನ ಪುಟ್ಟಿಯ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಭಾವನ ಮಂಡಿನೋವು ಈಗ ಹೇಗಿದೆ? ನಿನ್ನ ಪತ್ರ ಬಂದು ವಾರದ ಮೇಲಾಯಿತು, ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ತಪ್ಪಿಲ್ಲ. ನೀನು ಕೇಳಿದ್ದು ಒಂದೇ ಮಾತು: ಅಮ್ಮ ಹೋದ ದಿನ ಈ ಸಲವೂ ಉಪವಾಸ ಇದ್ದೆ ತಾನೆ ಅಂತ. ಅದಕ್ಕೆ ಉತ್ತರ ಬರೆಯಲು ಕೂತರೆ ಕೈಯೇ ಓಡುತ್ತಿರಲಿಲ್ಲ. ಇವತ್ತು ನೆಗಡಿ ಎಂದು ಹೇಳಿ ಮಲಗಿದ್ದೇನೆ. ಯಾರೂ ಕೆಲಸ ಹೇಳುತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಮ್ಮವರ ಕನ್ನಡಕದ ಅಂಗಡಿಯ ಜನಕ್ಕೆಲ್ಲ ವರ್ಷದ ಕೊನೆಯ ರಜೆಯಲ್ಲಿ ನಮ್ಮ ಮನೆಯಲ್ಲೇ ಔತಣ ಎಂಬುದು ನಿನಗೆ ಗೊತ್ತಲ್ಲ. ಈ ಸಲ ಇವರು ಗೊತ್ತುಮಾಡಿದ್ದು ಅಮ್ಮನ ದಿನವನ್ನೇ. ಬದಲಾಯಿಸಿ ಎಂದೆ. ಗಾಜು ಉಜ್ಜುವ ಅಜ್ಜನಿಗೆ ಹಿಂದಿನ ದಿನ ಪೂಜೆ, ಕಣ್ಣಿನ ಡಾಕ್ಟರಮ್ಮನಿಗೆ ಮಾರನೆಯ ದಿನ ಪ್ರಾರ್ಥನಾಸಭೆ, ಅಂಗಡಿಯ ಲೆಕ್ಕ ಬರೆಯುವವರು ಆಮೇಲೆ ಊರಲ್ಲೇ ಇರುವುದಿಲ್ಲ. ಎಲ್ಲರಿಗೂ ಒಗ್ಗುವುದು ಅದೊಂದೇ ದಿನ ಎಂದರು. ಬೇರೆ ನಂಬಿಕೆಯ ಮನೆಗೆ ಮದುವೆಯಾಗಿ ಬಂದವಳು ನಾನು. ಇವರ ಮನೆಯ ಹಬ್ಬಗಳನ್ನೆಲ್ಲ ನನ್ನವೇ ಎಂಬಂತೆ ಮಾಡಿದ್ದೇನೆ, ಬೇಸರಪಟ್ಟವಳಲ್ಲ. ನಮ್ಮದು ಅಂತ ಉಳಿಸಿಕೊಂಡದ್ದು ಈ ಒಂದು ಉಪವಾಸ. ಸಂಜೆಯವರೆಗೆ ಬರೀ ನೀರು, ಹೊತ್ತು ಮುಳುಗುವಾಗ ದೀಪ ಹಚ್ಚಿ ಅಮ್ಮ ಕಲಿಸಿದ ನಾಲ್ಕು ಸಾಲು, ಆಮೇಲೆ ತುತ್ತು. ಅದಕ್ಕೆಂದು ಒಂದೈದು ನಿಮಿಷ ಒಳಕೋಣೆ ನನಗೆ ಬಿಡಿ, ಅಲ್ಲಿಯವರೆಗೆ ತಿನ್ನು ಎಂದು ಬಲವಂತ ಮಾಡಬೇಡಿ ಎಂದು ಕೇಳಿಕೊಂಡೆ. ಅದಕ್ಕೇನಂತೆ, ಆಗಲಿ ಎಂದರು.

ಇನ್ನು ಅಡುಗೆಯ ಕಥೆ ಕೇಳು. ಒಬ್ಬರಿಗೆ ಈರುಳ್ಳಿ ಆಗದು. ಇನ್ನೊಬ್ಬರಿಗೆ ಮಾಂಸ ಬೇಕು, ಆದರೆ ಅವರ ಪದ್ಧತಿಯಂತೆ ಕೊಯ್ದದ್ದೇ ಆಗಬೇಕು. ಮತ್ತೊಬ್ಬರಿಗೆ ಮೊಟ್ಟೆ ತಾಗಿದ ಚಮಚವೂ ಬೇಡ. ಸೌಟುಗಳಿಗೆಲ್ಲ ಬಣ್ಣದ ದಾರ ಕಟ್ಟಿಟ್ಟೆ. ಹಸಿರು ದಾರದ ಸೌಟು ಕೆಂಪು ದಾರದ ಪಾತ್ರೆಗೆ ಬೀಳದಂತೆ ಕಾಯುವುದೇ ಒಂದು ನೌಕರಿ. ರುಚಿ ನೋಡುವಂತಿಲ್ಲವಲ್ಲ, ಉಪ್ಪು ಖಾರವೆಲ್ಲ ಕೈಯಂದಾಜು. ನಗಬೇಡ, ಸರಿಯಾಗಿಯೇ ಇತ್ತಂತೆ. ಸೊಂಟ ಮಾತ್ರ ಬಿದ್ದೇ ಹೋಯಿತು. ಈಗೀಗ ಹಬ್ಬ ಎಂದರೆ ನನಗೆ ಮೊದಲು ನೆನಪಾಗುವುದು ಸಿಂಕಿನಲ್ಲಿ ತುಂಬಿದ ಪಾತ್ರೆ.

ಬಂದವರೆಲ್ಲ ಒಳ್ಳೆಯವರು ಅಕ್ಕಾ, ಅವರ ಮೇಲೆ ನನಗೇನೂ ಇಲ್ಲ. ನಾನು ಬೇಡವೆಂದರೂ ಕೇಳದೆ ಅಜ್ಜ ತಾವೇ ಎಲ್ಲರಿಗೂ ನೀರು ಬಡಿಸಿದರು. ಹೊತ್ತು ಮುಳುಗುತ್ತಲೇ ಕೈ ತೊಳೆದು ಒಳಕೋಣೆಗೆ ಹೋದರೆ ಬಾಗಿಲು ಮುಚ್ಚಿತ್ತು. ಲೆಕ್ಕದವರಿಗೂ ಅದೇ ಪ್ರಾರ್ಥನೆಯ ಹೊತ್ತಂತೆ. ಇವರೇ ಒಗೆದ ಚಾಪೆ ಹಾಸಿ, ಫ್ಯಾನು ಹಾಕಿಕೊಟ್ಟು, ಯಾರೂ ಗಲಾಟೆ ಮಾಡದಿರಲಿ ಎಂದು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು. ಸರಿ ಎಂದು ಅಡುಗೆಮನೆಗೆ ಬಂದು, ಸಿಂಕಿನ ಪಕ್ಕ ದೀಪವಿಡಲು ಜಾಗ ಮಾಡಿಕೊಳ್ಳುವಷ್ಟರಲ್ಲಿ ಕರೆ ಬಂತು. ಪ್ರಾರ್ಥನೆ ಮುಗಿಯಿತು, ಕೇಕು ಕತ್ತರಿಸಬೇಕು, ಫೋಟೊಗೆ ಎಲ್ಲರೂ ಕಾಯುತ್ತಿದ್ದಾರೆ ಎಂದು.

ಹೋದೆ. ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿ, "ನೀವು ಬೆಳಗ್ಗಿಂದ ಏನೂ ತಿಂದಂಗಿಲ್ಲ. ನಿಮಗೂ ಏನಾದ್ರೂ ಉಪವಾಸ ಇದ್ಯಾ?" ಎಂದರು. ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ನಾನು ಬಾಯಿ ತೆರೆಯುವ ಮೊದಲೇ ಇವರು ನಕ್ಕು, "ಅಯ್ಯೋ, ಅವಳಿಗೆ ಅಂಥದ್ದೆಲ್ಲ ಏನೂ ಇಲ್ಲ" ಎಂದು ಕೇಕಿನ ತುಂಡೊಂದನ್ನು ನನ್ನ ಬಾಯಿಗಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನುಂಗಿದೆ. ಅಷ್ಟು ಜನರ ಮುಂದೆ ಉಗುಳುವುದಕ್ಕಾಗುತ್ತದೆಯೇ?

ನೀನು ಕೇಳಿದ ಮಾತಿಗೆ ಇದೇ ಉತ್ತರ. ಇವರು ಕೆಟ್ಟವರಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು. ನೀನೂ ಹಾಗೆಯೇ ಅಂದುಕೋ, ಭಾವನ ಮುಂದೆ ಆಡಬೇಡ. ಅವರಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ, ಸುಖವಾಗಿರಲಿ.

ಇಂತಿ ನಿನ್ನ,
ಪುಟ್ಟಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನಿನಗೆ ಸುಳ್ಳು ಬರೆದು ನನಗೆ ಸಮಾಧಾನವಿಲ್ಲ. ಎಲ್ಲರೂ ಹೋದಮೇಲೆ ನಾನು ಪಾತ್ರೆ ತೊಳೆಯುತ್ತಿದ್ದಾಗ ಇವರು ಒರೆಸಿಕೊಡಲು ಬಂದರು. ಅಮ್ಮನ ದಿನ ಮರೆತೇ ಹೋಯಿತೇ ಎಂದು ಕೇಳಿದೆ. ಮರೆತಿರಲಿಲ್ಲ ಅಕ್ಕಾ. "ನೆನಪಿತ್ತು ಕಣೇ. ಬೇರೆಯವರಾದ್ರೆ ಬೇಜಾರು ಮಾಡ್ಕೋತಾರೆ, ನೀನು ನಮ್ಮವಳಲ್ವಾ?" ಎಂದರು. ಪ್ರೀತಿಯಿಂದಲೇ ಅಂದರು.