ಕೆಂಚಿಯ ಕಿವಿಯೋಲೆ

ವನಗೂರು
೧೨ ಜುಲೈ ೨೦೨೫, ಶನಿವಾರ

ಅಮ್ಮನ ಮೇಲೆ ಮುನಿಸಿಕೊಂಡು ಆಲೂರಿನಲ್ಲಿ ಕೂತಿರುವ ಮಗಳು ನವ್ಯಳಿಗೆ,

ನಿನ್ನ ಅಮ್ಮನ ಆಶೀರ್ವಾದಗಳು. ನೀನು ಬೇಡವೆಂದರೂ ಅವು ಬಂದು ಸೇರುತ್ತವೆ, ಅದಕ್ಕೆ ನಿನ್ನ ಒಪ್ಪಿಗೆ ಬೇಕಾಗಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ನಮ್ಮಲ್ಲಿ ಟವರ್ ಸಿಗುವುದು ಬಸ್ಸು ನಿಲ್ಲುವ ತಿರುವಿನಲ್ಲಿ ಮಾತ್ರ. ಅಲ್ಲಿ ಯಾವಾಗ ನೋಡಿದರೂ ಒಂದಷ್ಟು ಜನ ನಿಂತಿರುತ್ತಾರೆ, ಅವರ ಕಿವಿಯೆಲ್ಲ ನನ್ನ ಫೋನಿನ ಮೇಲೆಯೇ. ಅದೂ ಅಲ್ಲದೆ ನೀನು ಈಗ ಫೋನಿನಲ್ಲಿ ಆಡುವುದೇ ಊಟ ಆಯಿತು, ಕೆಲಸ ಇದೆ, ಇಡುತ್ತೇನೆ ಎಂಬ ಮಾತು. ಕಾಗದವನ್ನು ಹಾಗೆ ಅರ್ಧಕ್ಕೆ ಇಡಲು ಬರುವುದಿಲ್ಲ. ಇಟ್ಟರೂ ಮತ್ತೆ ಎತ್ತಿಕೊಳ್ಳುತ್ತೀಯ, ನನ್ನ ಮಗಳು ನನಗೆ ಗೊತ್ತು. ಏಳನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ತಿದ್ದಿ ಓದಿಕೊ.

ಬಸವ ಜಯಂತಿಯ ದಿನ ನೀನು ಹೋಳಿಗೆ ಮುಟ್ಟದೆ ಎದ್ದು ಹೋದದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಆಗ ನಮ್ಮ ಹಸು ಕೆಂಚಿ ಸತ್ತು ತಿಂಗಳಾಗಿತ್ತು. ಅವಳ ವಿಮೆಯ ಹಣ ಯಾವಾಗ ಬರುತ್ತದೆ ಎಂದು ನೀನು ಕೇಳಿದೆ. ಅರ್ಜಿಯನ್ನೇ ಹಾಕಲಿಲ್ಲ, ಮರೆತುಹೋಯಿತು ಎಂದು ನಾನು ಹೇಳಿದೆ. ನಿನ್ನ ಮುಖ ಕಪ್ಪಿಟ್ಟಿತು. ಊರೂರು ತಿರುಗಿ ಬೆಳೆ ವಿಮೆ, ಹಸುವಿನ ವಿಮೆ ಎಂದು ಗಂಟಲು ಹರಿದುಕೊಳ್ಳುವವಳು ನಾನು, ನನ್ನ ತಾಯಿಯೇ ಮರೆತರೆ ಊರವರು ನನ್ನ ಮಾತು ಯಾಕೆ ಕೇಳಬೇಕು ಎಂದೆ ನೀನು. ಚೀಲ ಎತ್ತಿಕೊಂಡು ಹೊರಟೆ. ಎಲೆಯಲ್ಲಿದ್ದ ಹೋಳಿಗೆಗೆ ಇರುವೆ ಮುತ್ತುವವರೆಗೂ ನಾನು ಅದನ್ನು ತೆಗೆಯಲಿಲ್ಲ.

ನೀನು ಹೆದರಿದ ಹಾಗೆಯೇ ಆಯಿತು. ಗುಂಡಯ್ಯನ ಟೀ ಅಂಗಡಿಯಲ್ಲಿ ಆ ತಿಂಗಳೆಲ್ಲ ಅದೇ ಮಾತು. "ಹೇಳ್ಕೊಡೋಳ ಮನೇಗೇ ದುಡ್ಡು ಬರ್ಲಿಲ್ವಂತೆ ಕಣ್ರೀ, ಇನ್ನು ನಮ್ಗೆ ಬತ್ತದಾ? ದೀಪದ ಬುಡ್ದಲ್ಲೇ ಕತ್ಲು" ಎಂದು ಅವನು ಟೀ ಸೋಸುತ್ತ ಹೇಳುವುದನ್ನು ನಾನೇ ಕೇಳಿದೆ. ಹೋದ ತಿಂಗಳು ನೀನು ಭತ್ತ, ಶುಂಠಿಯ ವಿಮೆ ಹೇಳಲು ಇಲ್ಲಿಗೆ ಬಂದಾಗ ಸಮುದಾಯ ಭವನ ನೋಡಿಕೊಳ್ಳುವ ದಾಸಯ್ಯ ಅಲ್ಲೆಲ್ಲ ಚಾಪೆ ಹಾಸಿದ್ದ. ಬಂದು ಕೂತವರು ನಾನು, ಎಸ್ಟೇಟ್ ಕೂಲಿ ಲೈನಿನ ಮುನಿಯಮ್ಮ, ಮತ್ತೆ ಅದೇ ದಾಸಯ್ಯ. ನೀನು ನನ್ನ ಕಡೆ ಒಮ್ಮೆಯೂ ನೋಡದೆ ಇಡೀ ಪಾಠವನ್ನು ಖಾಲಿ ಚಾಪೆಗಳಿಗೆ ಹೇಳಿದೆ. ಆನೆ, ಗಾಳಿ, ಮಳೆ ಏನೇ ಬೆಳೆ ಕೆಡಿಸಿದರೂ ಬಿದ್ದದ್ದನ್ನು ಮುಟ್ಟದೆ ಮೊದಲು ಫೋಟೊ ತೆಗೆಯಿರಿ, ತಡ ಮಾಡದೆ ತಿಳಿಸಿ ಎಂದೆಲ್ಲ ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದೆ! ಮುಗಿಸಿ ಮನೆಯ ಕಡೆ ಬರುತ್ತೀಯೆಂದು ನಾನು ಬೇಗ ಬೇಗ ಹೋಗಿ ಅಕ್ಕಿರೊಟ್ಟಿಗೆ ಹಿಟ್ಟು ಕಲಸಿದೆ. ನೀನು ಬಸ್ಸು ಹತ್ತಿ ಹೋಗಿದ್ದೆ.

ಜನ ಸೇರದಿದ್ದರೆ ಈ ಕಡೆಯ ಊರುಗಳನ್ನು ನಿನ್ನಿಂದ ತೆಗೆದು ಬೇರೆಯವರಿಗೆ ಕೊಡುತ್ತಾರಂತೆ ಎಂದು ನಿನ್ನ ಮೋಹನ ಮಾವ ಕೇಳಿಕೊಂಡು ಬಂದ. ಆ ಕೆಲಸಕ್ಕೆ ನೀನು ಎಷ್ಟು ಚಪ್ಪಲಿ ಸವೆಸಿದ್ದೀಯೆಂದು ನನಗೆ ಗೊತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನ ಬಂಗಾರದಿಂದ ನಿನ್ನ ಅನ್ನಕ್ಕೆ ಕಲ್ಲು ಬಿತ್ತು. ಅದಕ್ಕೇ ಈ ಕಾಗದ.

ನಾನು ಮರೆತಿರಲಿಲ್ಲ, ನವ್ಯ.

ಮರೆಯುವುದು ಹೇಗೆ? ನೀನು ಮೊದಲ ಪಾಠ ಹೇಳಿದ್ದೇ ನಮ್ಮ ಜಗಲಿಯಲ್ಲಿ. ಕೆಂಚಿಯನ್ನೇ ಅಂಗಳಕ್ಕೆ ತಂದು ಕಟ್ಟಿ, ಅವಳ ಕಿವಿಗೆ ವಿಮೆಯವರು ಹಾಕಿದ್ದ ಹಳದಿ ಓಲೆ ಹಿಡಿದು, ಈ ನಂಬರೇ ಇವಳ ಹೆಸರು ಎಂದು ಹೆಂಗಸರಿಗೆಲ್ಲ ತೋರಿಸಿದೆ. ಅವಳು ನಿನ್ನ ಸೆರಗು ಅಗಿಯುತ್ತಿದ್ದಳು, ಎಲ್ಲರೂ ನಕ್ಕರು. ಹಸು ಸತ್ತರೆ ಡಾಕ್ಟರಿಗೆ ತಿಳಿಸಬೇಕು, ಅವರು ಕೊಯ್ದು ನೋಡಿ ಬರೆದುಕೊಡಬೇಕು, ಓಲೆಯಿರುವ ಕಿವಿಯ ತುಂಡನ್ನು ಜೋಪಾನ ಮಾಡಬೇಕು, ಆಮೇಲೆಯೇ ಮಣ್ಣು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಲೇ ನನಗೆ ಬಾಯಿಪಾಠ ಆಯಿತು. ಮಹಾದೇವಯ್ಯನವರ ಎತ್ತು ಸತ್ತಾಗ ಅವರು ಯಾರಿಗೂ ಹೇಳದೆ ಹೂತುಬಿಟ್ಟರೆಂದು ಅವರನ್ನು ಬೈದವಳೂ ನಾನೇ.

ಅವತ್ತು ಆದದ್ದು ಹೀಗೆ. ಕಾಫಿಯ ಹೂಮಳೆ ಬಿದ್ದು ತೋಟದಲ್ಲೆಲ್ಲ ಎಳೆ ಹುಲ್ಲು ಚಿಗುರಿತ್ತು. ಕೆಂಚಿ ಹಗ್ಗ ಬಿಚ್ಚಿಕೊಂಡು ಹೋಗಿ ಹೊಟ್ಟೆ ಬಿರಿಯುವಷ್ಟು ಮೇಯ್ದಳು. ನಾನು ನೋಡುವ ಹೊತ್ತಿಗೆ ಎಡಗಡೆಯೆಲ್ಲ ಉಬ್ಬಿ ತಮಟೆಯಾಗಿತ್ತು. ಎಣ್ಣೆ ಕುಡಿಸಿದೆ, ನಡೆಸಿದೆ, ತಿರುವಿನವರೆಗೆ ಓಡಿಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಕಿನಲ್ಲಿ ಬಂದರು, ಬರುವಷ್ಟರಲ್ಲಿ ಮುಗಿದಿತ್ತು. ಕೊಟ್ಟಿಗೆಯ ಬಾಗಿಲಿಗೆ ಮುಖ ಮಾಡಿ ಬಿದ್ದಿದ್ದಳು.

ಡಾಕ್ಟರು ಒಳ್ಳೆಯವರು. "ನವ್ಯನ ತಾಯಿ ಅಲ್ವೇ ನೀವು? ವಿಮೆ ಐತಲ್ಲಮ್ಮ, ಯೋಚ್ನೆ ಮಾಡ್ಬೇಡಿ" ಎಂದು ಹೇಳಿ ಬ್ಯಾಗು ತೆರೆದರು. ಕೈಗೆ ಗ್ಲೌಸ್ ಹಾಕಿಕೊಂಡರು. ಚಾಕು ಹೊರಗೆ ಬಂತು. ಅದನ್ನು ನೋಡಿದ್ದೇ ತಡ, ನನಗೆ ಏನಾಯಿತೋ, ಹೋಗಿ ಕೆಂಚಿಯ ಮೇಲೆ ಅಡ್ಡ ಬಿದ್ದೆ. ಬೇಡ ಎಂದೆ. ಅವರು ಎಷ್ಟೋ ಸಮಾಧಾನ ಹೇಳಿದರು. "ಕೊಯ್ಯದೆ ನಾನ್ ಹೆಂಗ್ ಬರ್ಕೊಡ್ಲಿ ಅಮ್ಮಾ? ಕಾಸು ಹೋಗ್ಬುಡ್ತದೆ" ಎಂದರು. ಹೋಗಲಿ ಬಿಡಿ ಎಂದೆ. ಕಾಫಿ ಕುಡಿದು ಹೋಗಿ ಎಂದೂ ಹೇಳಿದೆ, ಅವರು ಕುಡಿಯಲಿಲ್ಲ. ಮೋಹನ ಬಂದು ಗುಂಡಿ ತೋಡಿಸಿದ. ಅರಿಸಿನ ಕುಂಕುಮ ಇಟ್ಟು, ಓಲೆಯ ಸಮೇತ ಅವಳನ್ನು ಮಣ್ಣು ಮಾಡಿದೆವು.

ಇಷ್ಟು ಓದಿ ನೀನು ಹಲ್ಲು ಕಡಿಯುತ್ತಿರುತ್ತೀಯ. ಓದಿಲ್ಲದ ಹೆಂಗಸಿನ ಮೂಢನಂಬಿಕೆ, ಗೋಮಾತೆ, ಪಾಪ, ಪುಣ್ಯ ಎಂದುಕೊಳ್ಳುತ್ತೀಯ. ಅದಲ್ಲ ಮಗಳೇ. ಸತ್ತ ಹಸುವಿಗೆ ನೋವಿಲ್ಲವೆಂದು ನನಗೂ ಗೊತ್ತು. ಮುಂದಿನದನ್ನು ಬರೆಯಲು ಎರಡು ಸಲ ಎದ್ದುಹೋಗಿ ನೀರು ಕುಡಿದು ಬಂದೆ.

ನಿಮ್ಮಪ್ಪ ಹೋದ ದಿನ ನೀನು ಹಾಸನದ ಹಾಸ್ಟೆಲ್ಲಿನಿಂದ ಬರುವ ಹೊತ್ತಿಗೆ ಅವರನ್ನು ಕೂರಿಸಿ ಆಗಿತ್ತು. ಹಣೆಯ ವಿಭೂತಿ, ಕೊರಳಿನ ಹೂವು, ನಿದ್ದೆ ಹೋದ ಹಾಗಿದ್ದ ಮುಖ, ನೀನು ನೋಡಿದ್ದು ಅಷ್ಟೇ. ಅಷ್ಟೇ ನೋಡಲಿ ಎಂದು ನಾನೇ ಶಾಲನ್ನು ಕತ್ತಿನವರೆಗೆ ಹೊದಿಸಿದ್ದೆ.

ಬೆಳಿಗ್ಗೆ ಗದ್ದೆಗೆ ನೀರು ಕಟ್ಟಲು ಹೋದವರು ಆನೆಗೆ ಎದುರಾದದ್ದು ನಿನಗೆ ಗೊತ್ತು. ಆಮೇಲಿನದು ಗೊತ್ತಿಲ್ಲ. ಅರಣ್ಯ ಇಲಾಖೆಯವರು ಬಂದರು, ಪೊಲೀಸರು ಬಂದರು, ಎಲ್ಲರೂ ಒಳ್ಳೆಯ ಮಾತಿನಲ್ಲೇ ಹೇಳಿದರು. ಪೋಸ್ಟ್‌ಮಾರ್ಟಂ ಆಗದೆ ಪರಿಹಾರ ಬರುವುದಿಲ್ಲವಂತೆ. ನಾನು ಬೇಡವೆಂದೆ. ಮೋಹನ ಅಳುತ್ತಲೇ, "ಅಕ್ಕಾ, ಹುಡ್ಗಿ ಓದು ಐತೆ, ಸೈನ್ ಹಾಕ್ಬುಡು" ಎಂದ. ಹಾಕಿದೆ. ತಿರುಗಿ ಕರೆತಂದಾಗ ಬಿಳಿ ಬಟ್ಟೆಯಲ್ಲಿ ಸುತ್ತಿದ್ದರು. ವಿಭೂತಿ ಹಚ್ಚಲು ಅಯ್ಯನವರು ಬಟ್ಟೆ ಸರಿಸಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಎದೆಯಿಂದ ಹೊಟ್ಟೆಯವರೆಗೆ ಹೊಲಿದಿದ್ದರು, ಕಾಫಿ ಮೂಟೆಯ ಬಾಯಿ ಹೊಲಿದ ಹಾಗೆ, ದಪ್ಪ ದಾರದಲ್ಲಿ. ಕಾಲಿಗೆ ಮುಳ್ಳು ಹೆಟ್ಟಿದರೆ ಬೇರೆ ಯಾರ ಕೈಯಲ್ಲೂ ತೆಗೆಸಿಕೊಳ್ಳುತ್ತಿರಲಿಲ್ಲ ಆ ಮನುಷ್ಯ. ನೀನೇ ತೆಗಿ, ನಿನ್ನ ಕೈ ಮೆತ್ತಗೆ ಎನ್ನುತ್ತಿದ್ದರು. ಅವರನ್ನು ಹಾಗೆ ಮಾಡಲು ಸಹಿ ಹಾಕಿದ್ದೂ ಅದೇ ಕೈ.

ಹಣ ಬಂತು. ಯಾರೂ ಮೋಸ ಮಾಡಲಿಲ್ಲ, ಹೇಳಿದಷ್ಟು ಕೊಟ್ಟರು. ಅದರಲ್ಲೇ ನಿನ್ನ ಓದು ಮುಗಿಯಿತು, ಅದರಲ್ಲೇ ಕೆಂಚಿ ಬಂದಳು. ಅವಳ ಹಾಲಿನಲ್ಲೇ ನಾನು ಇಷ್ಟು ವರ್ಷ ಯಾರ ಮುಂದೆಯೂ ಕೈ ಚಾಚದೆ ಬದುಕಿದೆ. ನಿಮ್ಮಪ್ಪನನ್ನು ಕೊಯ್ದದ್ದಕ್ಕೆ ಬಂದವಳು ಅವಳು. ಅವಳನ್ನೂ ಕೊಯ್ದು, ಅದರಿಂದ ಇನ್ನೊಂದು ಹಸು ತಂದು ಕಟ್ಟಿಕೊಳ್ಳಲು ನನ್ನಿಂದ ಆಗಲಿಲ್ಲ. ನನಗೆ ಅಷ್ಟೇ ಗೊತ್ತಾದದ್ದು.

ಬಸವ ಜಯಂತಿಯ ದಿನ ಇದನ್ನೇ ಹೇಳಬಹುದಿತ್ತು. ಆದರೆ ನೀನು ನೋಡಿದ ಅಪ್ಪನ ಮುಖ ನಿನ್ನ ಹತ್ತಿರ ಹಾಗೆಯೇ ಇರಲಿ ಎಂದು ನನ್ನ ಆಸೆ. ಮರೆತೆ ಎಂದುಬಿಡುವುದು ಸುಲಭವಾಗಿ ಕಂಡಿತು. ಅದು ನಿನ್ನ ಕುತ್ತಿಗೆಗೆ ಬರುತ್ತದೆಂದು ಹೊಳೆಯಲಿಲ್ಲ.

ಮೊನ್ನೆ ಗುಂಡಯ್ಯನ ಅಂಗಡಿಗೆ ಹೋಗಿ, ಜನ ಇರುವಾಗಲೇ ಹೇಳಿ ಬಂದೆ. "ದುಡ್ಡು ಬರ್ದೇ ಇದ್ದಿದ್ದು ವಿಮೆಯೋರ್ ತಪ್ಪಲ್ಲ, ನನ್ ಮಗಳ್ ತಪ್ಪೂ ಅಲ್ಲ. ಬಂದಿದ್ ಡಾಕ್ಟ್ರನ್ನ ವಾಪಸ್ ಕಳ್ಸಿದ್ದು ನಾನು" ಎಂದೆ. "ಅಲ್ಲ ಕಣಮ್ಮ, ಯಾಕ್ ಕಳ್ಸಿದ್ರಿ?" ಎಂದು ಗುಂಡಯ್ಯ ಕೇಳಿದ. ನನಗೆ ಹುಚ್ಚು ಎಂದುಕೊ ಎಂದು ಹೇಳಿ ಎದ್ದು ಬಂದೆ. ಹುಚ್ಚಿ ಎಂದುಕೊಳ್ಳಲಿ, ನಿನ್ನನ್ನು ಸುಳ್ಳಿ ಎನ್ನದಿದ್ದರೆ ಸಾಕು. ಭತ್ತದ ವಿಮೆ ಕಟ್ಟಲು ಇನ್ನೂ ಸಮಯವಿದೆಯೇ ಎಂದು ಇಬ್ಬರು ನನ್ನನ್ನೇ ಕೇಳಿದ್ದಾರೆ. ಇದೆ, ನವ್ಯ ಬರುತ್ತಾಳೆ ಎಂದು ನಾನೇ ಮಾತು ಕೊಟ್ಟುಬಿಟ್ಟಿದ್ದೇನೆ.

ಬಾ. ನನ್ನ ಜೊತೆ ಮಾತಾಡಬೇಡ ಬೇಕಾದರೆ. ಅವರ ಜೊತೆ ಮಾತಾಡು, ನಾನು ಬಾಗಿಲ ಹತ್ತಿರ ಕೂತು ಕೇಳುತ್ತೇನೆ. ಆದರೆ ಊಟ ಮಾಡದೆ ಹೋಗಬೇಡ, ಅದೊಂದು ನನ್ನಿಂದ ತಡೆಯಲಾಗುವುದಿಲ್ಲ. ಕೊಟ್ಟಿಗೆ ಖಾಲಿ, ಮನೆಯಲ್ಲಿ ಮಾತಿಲ್ಲ, ಬೆಳಿಗ್ಗೆ ಎದ್ದರೆ ಯಾರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ನಿನ್ನ ದಾರಿ ನೋಡುವ ಅಮ್ಮ,
ವಿಶಾಲಮ್ಮ

ಮರೆತ ಮಾತು: ಮಂಗಳವಾರ ಬರೆಯುತ್ತಿದ್ದೇನೆ. ಮೋಹನನ ಜೀಪು ಕೆಟ್ಟು ನಿಂತದ್ದರಿಂದ ಕಾಗದ ಇಲ್ಲೇ ಉಳಿಯಿತು. ನಿನ್ನೆ ಮುನಿಯಮ್ಮನ ಹಸು ಸತ್ತಿತು. ನಿನ್ನ ಮಾತು ಕೇಳಿ ಹೋದ ವರ್ಷ ಓಲೆ ಹಾಕಿಸಿದ್ದಳಲ್ಲ, ಅದೇ ಹಸು. ಡಾಕ್ಟರು ಸೂಜಿ ಕೊಡುತ್ತಿರುವಾಗಲೇ ಪ್ರಾಣ ಹೋಯಿತು. ಮುನಿಯಮ್ಮ ಗೋಡೆಗೆ ಒರಗಿ, "ನನ್ ಕೈಲಿ ನೋಡಕ್ಕಾಗಲ್ಲ ಅಕ್ಕಾ, ಮಣ್ಣ್ ಮಾಡ್ಬುಡಾನ" ಎಂದು ಅತ್ತಳು. ಅವಳಿಗೆ ಮಕ್ಕಳಿದ್ದಾರೆ, ಬೇರೆ ಗತಿಯಿಲ್ಲ. ಡಾಕ್ಟರಿಗೆ ಜೊತೆಯವರು ಯಾರೂ ಇರಲಿಲ್ಲ, ಕೊಯ್ಯುವಾಗ ಹಿಡಿದುಕೊಳ್ಳಲು ಒಬ್ಬರು ಬೇಕಾಗಿತ್ತು. ಅವಳನ್ನು ಒಳಗೆ ಕಳಿಸಿ ನಾನೇ ಹಿಡಿದುಕೊಂಡೆ, ಕೊನೆಯವರೆಗೂ. ಅವಳಿಗೆ ಹಣ ಬರುತ್ತದೆ. ಓಲೆಯ ಸಮೇತ ಕಿವಿಯ ತುಂಡು ನನ್ನ ಅಂಗೈಯಲ್ಲಿಟ್ಟರು. ಬೆಚ್ಚಗಿತ್ತು ಮಗಳೇ. ನಿನ್ನ ಪಾಠದಲ್ಲಿ ಅದೊಂದು ಇಲ್ಲ. ಮುಂದಿನ ಸಲ ಹೆಂಗಸರಿಗೆ ಹೇಳಿಕೊಡುವಾಗ ಅದನ್ನೂ ಹೇಳು.