ಹಾಲಿನ ಕೋಟು

ಅತ್ತೆಮ್ಮನವರಿಗೆ,

ಇಪ್ಪತ್ತೊಂದು ವರ್ಷ ದಿನಾ ಬೆಳಿಗ್ಗೆ ನಿಮ್ಮೆದುರು ಬಾಗಿ ಸಲಾಂ ಮಾಡಿದ ಸೊಸೆ ನಾನು, ಇವತ್ತು ಕೂತುಕೊಂಡು ಬರೆಯುತ್ತಿದ್ದೇನೆ. ಎದುರು ಬಂದರೆ ನೀವು "ಚಹಾ ಬಗ್ಗಿಸು" ಅನ್ನುತ್ತೀರಿ, ನಾನು ಬಗ್ಗಿಸುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ.

ನಿನ್ನೆ ಮದುವೆ ಗೊತ್ತುಮಾಡಿ ಇಂಕಾರಳ ಕಿವಿಗೆ ಓಲೆ ಹಾಕಲು ಗಂಡಿನ ಕಡೆಯವರು ಬಂದರಲ್ಲ, ನಾನು ಚಹಾ ನೀರು ಕುದಿಯುವ ಸಮೋವರ್ ಪಕ್ಕದಲ್ಲೇ ಇದ್ದೆ. ಓಲೆ ಹಾಕಿದ ಮೇಲೆ ಬೀಗಿತ್ತಿ ಒಂಟೆಯುಣ್ಣೆಯ ಕೋಟೊಂದನ್ನು ಎತ್ತಿ ಹಿಡಿದು, "ಹುಡುಗಿಗೆ ಹಾಲು ಕುಡಿಸಿದ ತಾಯಿ ಯಾರಮ್ಮಾ? ಆ ಹಾಲಿಗೆ ಇದು ನಮ್ಮ ಕಾಣಿಕೆ" ಅಂದರು. ನಾನು ಬಟ್ಟಲು ಕೆಳಗಿಟ್ಟು ಒಂದು ಹೆಜ್ಜೆ ಮುಂದಿಟ್ಟಿದ್ದೆ. ಅಷ್ಟರಲ್ಲಿ ನೀವು ಎದ್ದು ತೋಳು ಚಾಚಿದಿರಿ. "ನಾನೇ ಕಣಮ್ಮಾ, ಇನ್ಯಾರು! ಹೀರಿ ಹೀರಿ ನನ್ನ ಮೂಳೆ ಟೊಳ್ಳು ಮಾಡಿದಾಳೆ!" ಎಲ್ಲರೂ ನಕ್ಕರು. ಅವಳು ಹುಟ್ಟಿದಾಗ ನಿಮಗೆ ಐವತ್ತೆರಡು ವರ್ಷ ಅತ್ತೆಮ್ಮ. ಸುಳ್ಳು ಹೇಳುವುದಕ್ಕೂ ಒಂದು ವಯಸ್ಸು ಬೇಡವೇ?

ಚೊಚ್ಚಲ ಮಗು ಅಜ್ಜಿ ತಾತನದು ಎನ್ನುವ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ನಲವತ್ತನೇ ದಿನ ನಲವತ್ತು ಚಮಚ ನೀರಿನಲ್ಲಿ ಮೀಯಿಸಿದ ಮಗುವನ್ನು ನಿಮ್ಮ ಮಡಿಲಿಗೆ ಇಟ್ಟವಳು ನಾನೇ. ಹದಿಮೂರು ತಿಂಗಳು ಎದೆಹಾಲು ಕುಡಿಸಿದೆ. ಬಿಡಿಸಿದ ದಿನವೇ ಅವಳ ಹಾಸಿಗೆ ನಿಮ್ಮ ಕೋಣೆಗೆ ಹೋಯಿತು. ಹಾಲು ಕಟ್ಟಿ ನನ್ನ ಎದೆ ಕಲ್ಲಾಗಿತ್ತು, ಗೋಡೆಯಾಚೆ ಅವಳು ಅಳುತ್ತಿದ್ದಳು. ನಿಮ್ಮ ಮಗ ದೌರೆನ್ "ಸುಮ್ನಿರು, ಅಮ್ಮ ಬೇಜಾರು ಮಾಡ್ಕೋತಾಳೆ" ಎಂದು ಕುರಿಗಳ ಕಡೆ ಎದ್ದು ಹೋದರು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನಗೆ ನಾದಿನಿಯಾದಳು. ನಿನ್ನೆಯೂ ಅಷ್ಟೇ, ಹೊಸ ಓಲೆ ತೂಗಿಸುತ್ತ ಬಂದು, "ಅತ್ತಿಗೆ, ಒಳಗೆ ಚಹಾ ಸಾಲಲಿಲ್ಲ" ಅಂದಳು. ನನ್ನ ಮುಖ ಮಾತ್ರ ನೋಡಲಿಲ್ಲ. ಅವಳಿಗೆ ಎಲ್ಲ ಗೊತ್ತು.

ಪದ್ಧತಿಯ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ನನ್ನ ಸಿಟ್ಟು ನಿಮ್ಮ ಮೇಲೆ. ಒಮ್ಮೆ ಕುದುರೆಯ ಹಾಲು ಕರೆಯುತ್ತಿದ್ದವರು ಬಕೆಟ್ಟು ಬಿಟ್ಟು ಬಿಕ್ಕಿ ಬಿಕ್ಕಿ ಅತ್ತಿರಲ್ಲ, ಮರೆತಿರಾ? ಆಗ ಇಂಕಾರ್ ನನ್ನ ಹೊಟ್ಟೆಯಲ್ಲಿದ್ದಳು. ಕೆಂಜೆಬೆಕ್ ಭಾವ ಬಂದು, "ಬರ್ತೀನಿ ಅತ್ತಿಗೆ" ಎಂದು ನಿಮಗೆ ಹೇಳಿ ಹೋಗಿದ್ದರು. ನಿಮ್ಮ ಚೊಚ್ಚಲ ಮಗ ಅವರು, ನಿಮ್ಮ ಅತ್ತೆ ಸಾಕಿಕೊಂಡ ಮಗ. "ಮೂವತ್ತೆರಡು ವರ್ಷ ಆಯ್ತು ಕಣೇ, ಒಂದ್ಸಲ ಅಮ್ಮ ಅನ್ನಲಿಲ್ಲ ಅವ್ನು" ಅಂದಿರಿ. ನಿಮ್ಮ ಕಣ್ಣು ಒರೆಸಿದ್ದು ನನ್ನ ತಲೆವಸ್ತ್ರ. ಆ ಉರಿ ಏನೆಂದು ಗೊತ್ತಿದ್ದೂ ಅದನ್ನೇ ನನಗೂ ಕೊಟ್ಟಿರಲ್ಲ! ಗೊತ್ತಿಲ್ಲದವರು ಮಾಡಿದ್ದರೆ ಕ್ಷಮಿಸುತ್ತಿದ್ದೆ.

ಕೋಟು ನೀವೇ ಇಟ್ಟುಕೊಳ್ಳಿ. ಆದರೆ ಶುಕ್ರವಾರ ಅವಳನ್ನು ಗಂಡನ ಮನೆಗೆ ಕಳಿಸಿಕೊಡುವಾಗ ನಾನು ಚಹಾ ಬಗ್ಗಿಸುವುದಿಲ್ಲ, ಬಾಗಿಲ ಬಳಿ ನಿಂತಿರುತ್ತೇನೆ. ಹೊಸಿಲು ದಾಟುವ ಹುಡುಗಿ ತಾಯಿಯನ್ನು ಅಪ್ಪಿಕೊಂಡು ಹೋಗಬೇಕು. ನಿಮ್ಮ ಮಾತು ಮೀರಿ ಅವಳು ನನ್ನ ಹತ್ತಿರ ಬರುವವಳಲ್ಲ. "ನಿಮ್ಮಮ್ಮ ಅಲ್ಲಿದಾಳೆ, ಹೋಗು" ಎಂದು ಎಲ್ಲರ ಮುಂದೆ ನೀವೇ ಹೇಳಬೇಕು. ಕೆಂಜೆಬೆಕ್ ಭಾವನಿಗೆ ನಿಮ್ಮ ಅತ್ತೆ ಕೊನೆಯವರೆಗೂ ಹೇಳದೆ ಹೋದ ಮಾತು ಅದು.

ಕೋಟು ನಿಮ್ಮ ಬೆನ್ನಿಗೆ ಬೆಚ್ಚಗಿರಲಿ, ಆಯುಸ್ಸು ಗಟ್ಟಿಯಾಗಿರಲಿ, ಶುಕ್ರವಾರ ನಿಮ್ಮ ನಾಲಿಗೆ ತಡವರಿಸದಿರಲಿ.

ಇಂಕಾರಳ ತಾಯಿ,
ಕುಲ್ಪಾಶ್