ಬಾಯಿಗೆ ಬೇಕು, ಮೂಗಿಗೆ ಬ್ಯಾಡ

ಸಿಮೆಯೋನಾ,

ರೂತವ್ವನ್ನ ಕರಕೊಂಡ ಬರಾಕ ಅವರ ಮನಿಗೆ ಹೊಂಟೇನಿ. ಅಲ್ಲಿಂದ ಇಬ್ಬರೂ ನೆಟ್ಟಗ ಚರ್ಚಿಗೇ ಬರ್ತೀವಿ. ಆಕಿ ಬರಂಗಿಲ್ಲ ಅಂದ್ರ ನಾನೂ ಬರಂಗಿಲ್ಲ, ಆಕಿ ಕಟ್ಟಿ ಮ್ಯಾಲೇ ಕುಂತು ಪ್ರಾರ್ಥನಾ ಮಾಡ್ತೀನಿ.

ರೊಟ್ಟಿ ಬುಟ್ಟಿಯೊಳಗ ಅದಾವ. ನಿನ್ನೆ ಉಳಿದ ಎಣ್ಣಿಗಾಯಿ ಬಿಸಿ ಮಾಡ್ಕೊ. ಬೆಕ್ಕಿಗೆ ಹಾಲು ಹಾಕು, ಅದನ್ನೂ ಬೈದು ಹೊರಗ ಹಾಕಬ್ಯಾಡ.

ದಿನಾ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗೋ ಹೆಣ್ಮಗಳ ಸೀರಿ ಮಲ್ಲಿಗಿ ಹಂಗ ಘಮ್ ಅಂತದೇನು? ಎಷ್ಟ ತೊಳದ್ರೂ ಆ ಘಾಟು ಹೋಗಂಗಿಲ್ಲ. ಪಾಸ್ಟರು ಆಶೀರ್ವಾದದ ನಡುವ ಸೀನಿಬಿಟ್ರು ಅಂತ, ಮುಂದಿನ ಬೆಂಚಿನ್ಯಾಗ ಕುಂತಾಕಿನ್ನ ಎಬ್ಬಿಸಿ "ಹೊರಗ ಚಪ್ಪಲಿ ಹತ್ರ ಕುಂದ್ರು" ಅಂದಿ. ಅವತ್ತಿಂದ ಆಕಿ ಚರ್ಚಿನ ಕಡೆ ಹಣಿಕಿ ಸುದ್ದಾ ಹಾಕಿಲ್ಲ. ಬ್ಯಾಡಗ್ಯಾಗ ಹುಟ್ಟಿ ಖಾರದ ಘಾಟಿಗೆ ಹೆದರೋ ಗಂಡಸನ್ನ ಯೇಸುಸ್ವಾಮಿನೂ ಮೊದಲನೇ ಸಲ ನೋಡಿರಬೇಕು.

ಚರ್ಚಿನ ಸಭೆಗೆ ನೀ ಹಿರಿಯ ಇರಬಹುದಪಾ, ಈ ಮನಿಗೆ ನಾನೇ ಹಿರಿಯಾಕಿ. ಇವತ್ತ ರೂತವ್ವ ಮುಂದಿನ ಬೆಂಚಿನ್ಯಾಗ ನನ್ನ ಬಾಜೂಕ ಕುಂದರ್ತಾಳ. ನೀ ಬಾಗಲ ತನಕ ಬಂದು, ಎಲ್ಲಾರ ಮುಂದ, "ಬರ್ರಿ ಅಕ್ಕಾರ, ಒಳಗ ಬರ್ರಿ" ಅಂತ ಕೈ ಮುಗೀಬೇಕು. ಸೀನು ಬಂದ್ರ ಸೀನು, ಕಡೀಗೊಂದು ಆಮೆನ್ ಅಂದ್ರ ಆತು.

ಮತ್ತ, ನಿನ್ನೆ ಎಣ್ಣಿಗಾಯಿ ಉಂಡು ಬೆರಳ ಚೀಪಾಕತ್ತಿದ್ದಿಯಲ್ಲಾ, ಅದರಾಗಿನ ಖಾರಪುಡಿ ಕುಟ್ಟಿಕೊಟ್ಟಾಕಿ ರೂತವ್ವನೇ. ಬಾಯಿಗೆ ಬೇಕಾದಾಕಿ ಮೂಗಿಗೆ ಯಾಕ ಬ್ಯಾಡಾದ್ಲು?

ಅವ್ವ